ನಮ್ಮೂರಿನ ಸುದ್ದಿ ಹೇಳೋರು ಯಾರು?

ಹೋದ ಶನಿವಾರ ನಮ್ಮ ತರಗತಿಯಲ್ಲಿ ಒಂದು ಜಗಳ ಆಯಿತು. 'ಕೆ.ಜಿ.ಎಫ್.' ಸಿನಿಮಾದಲ್ಲಿ ತೋರಿಸಿದ್ದೆಲ್ಲ ನಿಜ ಅಂತ ಅರ್ಧ ಜನ, ಬರೀ ಸುಳ್ಳು ಅಂತ ಇನ್ನರ್ಧ ಜನ. ಅಷ್ಟರಲ್ಲಿ ಮೇಷ್ಟ್ರು ಬಂದರು, ಎಲ್ಲರೂ ಬಾಯಿ ಮುಚ್ಚಿ ಕೂತೆವು. ಅವತ್ತು ಹೇಳಲು ಆಗದಿದ್ದನ್ನು ಇಲ್ಲಿ ಬರೆದಿದ್ದೇನೆ.

ಆ ಸಿನಿಮಾ ಬಂದದ್ದು 2018ರಲ್ಲಿ. ಎರಡನೇ ಭಾಗ 2022ರಲ್ಲಿ. ಕೋಲಾರ ಚಿನ್ನದ ಗಣಿಯ ಸೈನೈಡ್ ದಿಬ್ಬದ ಮೇಲೆಯೇ ಶೂಟಿಂಗ್ ಮಾಡಿದ್ದಾರೆ. ದಿಬ್ಬ ನಿಜ, ಕಥೆ ಕಟ್ಟಿದ್ದು. ಸಿನಿಮಾದಲ್ಲಿ ಗಣಿ ರಾಕ್ಷಸರಂಥ ಯಜಮಾನರ ಕೈಯಲ್ಲಿದೆ, ಕೆಲಸದವರೆಲ್ಲ ಗುಲಾಮರು. ಆದರೆ ಆ ಕಥೆ ನಡೆಯುವ ಕಾಲದಲ್ಲಿ ನಿಜವಾದ ಗಣಿ ಸರ್ಕಾರದ್ದಾಗಿತ್ತು. ಅದಕ್ಕೂ ಮೊದಲು, 1880ರಿಂದ, ಜಾನ್ ಟೇಲರ್ ಅನ್ನುವ ಇಂಗ್ಲಿಷರ ಕಂಪನಿ ನಡೆಸುತ್ತಿತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದರು.

ನಮ್ಮ ತಾತ ಚಾಂಪಿಯನ್ ರೀಫ್ ಗಣಿಯಲ್ಲಿ ಇಳಿದವರು. ಅದು 3 ಕಿಲೋಮೀಟರಿಗಿಂತ ಹೆಚ್ಚು ಆಳ. ಕೆಳಗೆ ಹೋದಷ್ಟೂ ಸೆಕೆ. ತಾತ ಸಿನಿಮಾವನ್ನು ಅರ್ಧ ನೋಡಿ ಎದ್ದು ಹೋಗಿ ಮಲಗಿದರು. ಯಾಕೆ ತಾತ ಅಂದರೆ, "ನಮ್ಮ ಶಿಫ್ಟಿನಲ್ಲಿ ಹಾಡು ಇರಲಿಲ್ಲಮ್ಮ" ಅಂದರು. ಗಣಿ ಮುಚ್ಚಿದ ಮೇಲೆ ಅವರು ರೈಲು ಹತ್ತಿ ಬೆಂಗಳೂರಿಗೆ ವಾಚ್‌ಮನ್ ಕೆಲಸಕ್ಕೆ ಹೋದರು. ಈಗಲೂ ಬೆಳಿಗ್ಗೆ ಹೊತ್ತು ಬಂಗಾರಪೇಟೆ ಸ್ಟೇಷನ್ನಿನಲ್ಲಿ ನಿಂತು ನೋಡಿ, ಹಾಗೆ ಹೋಗುವವರು ಎಷ್ಟು ಜನ ಅಂತ. ಊಟದ ಡಬ್ಬಿ ಹಿಡಿದುಕೊಂಡು ಓಡುವ ಅವರ ಮೇಲೆ ಯಾರು ಸಿನಿಮಾ ತೆಗೀತಾರೆ?

ಟಿವಿಯಲ್ಲಿ ಒಳ್ಳೇದು ಬರೋದೇ ಇಲ್ಲ ಅಂತ ನಾನು ಹೇಳುವುದಿಲ್ಲ. 2012ರಲ್ಲಿ ಆಮಿರ್ ಖಾನ್ 'ಸತ್ಯಮೇವ ಜಯತೇ' ಅಂತ ಒಂದು ಕಾರ್ಯಕ್ರಮ ನಡೆಸಿದರು. ಅದರಲ್ಲಿ ಅಸ್ಪೃಶ್ಯತೆಯ ಬಗ್ಗೆ ಬಂದ ಒಂದು ಕಂತಿನಲ್ಲಿ ಬೆಜವಾಡ ವಿಲ್ಸನ್ ಮಾತಾಡಿದ್ದಾರೆ. ಅವರು ಕೆ.ಜಿ.ಎಫ್.ನಲ್ಲೇ 1966ರಲ್ಲಿ ಹುಟ್ಟಿದವರು. ಚಿನ್ನ ತೆಗೆಯುವ ಆ ಊರಿನ ಕಕ್ಕಸುಗಳನ್ನು ಮನುಷ್ಯರು ಕೈಯಿಂದ ಬಳಿದು ಹೊರುತ್ತಿದ್ದರು. ಅವರ ಮನೆಯವರೂ ಅದೇ ಕೆಲಸ ಮಾಡಿದವರು. ಅದನ್ನು ನಿಲ್ಲಿಸಬೇಕು ಅಂತ ಅವರು ಹೋರಾಡಿದರು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ರಾಕಿ ಭಾಯ್ ಗೊತ್ತಿರುವ ನಮ್ಮ ತರಗತಿಯಲ್ಲಿ ಇವರ ಹೆಸರು ಒಬ್ಬರಿಗೂ ಗೊತ್ತಿರಲಿಲ್ಲ, ನನಗೂ ಸೇರಿ. ಇನ್ನೂ ಬೇಜಾರಿನ ಮಾತೆಂದರೆ ಆ ಕಾರ್ಯಕ್ರಮ ತಮಿಳಿನಲ್ಲಿ ಬಂತು, ತೆಲುಗಿನಲ್ಲಿ ಬಂತು. ಡಬ್ಬಿಂಗ್ ಬೇಡ ಅಂತ ವಿರೋಧ ಆದ್ದರಿಂದ ಆಗ ಕನ್ನಡದ ಟಿವಿಯಲ್ಲಿ ಮಾತ್ರ ಬರಲಿಲ್ಲ. ನಮ್ಮ ಜಿಲ್ಲೆಯವರ ಮಾತನ್ನು ನಮ್ಮ ಭಾಷೆಯಲ್ಲಿ ಕೇಳುವ ಹಾಗಿರಲಿಲ್ಲ. ಭಾಷೆಯನ್ನು ಕಾಪಾಡುವುದು ಹೀಗೇನಾ?

ಹೊರಗಿನವರು ಬಂದು ತೋರಿಸಲಿ ಅಂತ ಕಾಯುತ್ತಾ ಕೂತರೆ ಇಷ್ಟೇ. ಅದಕ್ಕೇ ನನಗೆ ಬೂದಿಕೋಟೆಯ ಕಥೆ ತುಂಬಾ ಇಷ್ಟ. ಬೂದಿಕೋಟೆ ಅಂದರೆ ಹೈದರಾಲಿ ಹುಟ್ಟಿದ ಊರು ಅಂತ ಎಲ್ಲರಿಗೂ ಗೊತ್ತು. ಇನ್ನೊಂದು ವಿಷಯವನ್ನು ಸಮಾಜ ಮೇಡಂ ಹೇಳಿದರು. ಸುಮಾರು 20 ವರ್ಷಗಳ ಹಿಂದೆ ಅಲ್ಲಿ 'ನಮ್ಮ ಧ್ವನಿ' ಅಂತ ಊರಿನವರೇ ಕಾರ್ಯಕ್ರಮ ಮಾಡುತ್ತಿದ್ದರು. ಮೈರಾಡ, ವಾಯ್ಸಸ್ ಅನ್ನುವ ಸಂಸ್ಥೆಗಳೂ ಯುನೆಸ್ಕೋದವರೂ ಸಹಾಯ ಮಾಡಿದ್ದರು. ಮಹಿಳಾ ಸಂಘದವರೇ ಮೈಕಿನ ಮುಂದೆ ಕೂತು ಮಾತಾಡುತ್ತಿದ್ದರು. ಗಾಳಿಯ ತರಂಗಗಳು ಸಾರ್ವಜನಿಕರ ಸೊತ್ತು ಅಂತ ಸುಪ್ರೀಂ ಕೋರ್ಟು 1995ರಲ್ಲೇ ಹೇಳಿತ್ತು. ಆದರೂ ಇಂಥ ಸಂಸ್ಥೆಗಳು ರೇಡಿಯೋ ಕೇಂದ್ರ ನಡೆಸಲು 2006ರವರೆಗೆ ಅನುಮತಿ ಇರಲಿಲ್ಲ. ಆಗ ಅವರು ಸುಮ್ಮನೆ ಕೂರಲಿಲ್ಲ. ಮೊದಲು ಕ್ಯಾಸೆಟ್ಟಿನಲ್ಲಿ ಕೇಳಿಸಿದರು, ಆಮೇಲೆ ಟಿವಿಯ ಕೇಬಲ್ ತಂತಿಯಲ್ಲೇ ಧ್ವನಿ ಕಳಿಸಿದರು! ಟಿವಿ ಹಾಕಿದರೆ ಚಿತ್ರವಿಲ್ಲ, ನಿಮ್ಮ ಬೀದಿಯ ಅಕ್ಕನ ಮಾತು ಕೇಳುತ್ತದೆ. ನಗಬೇಡಿ. ಸೀರಿಯಲ್ಲಿನ ಅತ್ತೆ ಸೊಸೆ ಜಗಳಕ್ಕಿಂತ ಅದು ಮೇಲು ಅಂತ ನನ್ನ ಅಭಿಪ್ರಾಯ.

ನಾವೂ ಹೀಗೆ ಮಾಡಬಹುದು. ಶಾಲೆಯಲ್ಲಿ ಪ್ರಾರ್ಥನೆಯ ಮೈಕು ಇದೆ, ಮೇಷ್ಟ್ರ ಹತ್ತಿರ ಫೋನು ಇದೆ. ತಿಂಗಳಿಗೆ ಒಂದು ಶನಿವಾರ ಊರಿನವರನ್ನು ಮಾತಾಡಿಸಿ, ರೆಕಾರ್ಡ್ ಮಾಡಿ ಎಲ್ಲರಿಗೂ ಕೇಳಿಸೋಣ. ಪಾಠ ಹಾಳಾಗುತ್ತದೆ ಅಂತ ಕೆಲವರು ಹೇಳಬಹುದು. ಪಂಚಾಯಿತಿ ಬಗ್ಗೆ ಪೌರನೀತಿಯಲ್ಲಿ ಓದುತ್ತೇವಲ್ಲ, ಇದೂ ಅದೇ ಪಾಠ ಅಲ್ಲವೇ?

ನನ್ನ ಭಯ ಬೇರೆ. ನಮ್ಮ ಬೀದಿಯ ಬೋರ್‌ವೆಲ್ ಮೋಟಾರು ಸುಟ್ಟು ಒಂದು ತಿಂಗಳಾಯಿತು. ಅಕ್ಕಂದಿರೆಲ್ಲ ಬಿಂದಿಗೆ ಹೊತ್ತು ಮೇಲಿನ ಬೀದಿಗೆ ಹೋಗುತ್ತಾರೆ. ದಾರಿಯುದ್ದಕ್ಕೂ ಬೈಯುತ್ತಾರೆ, ಎದುರಿಗೆ ಮೆಂಬರ್ ಸಿಕ್ಕಿದರೆ "ಚೆನ್ನಾಗಿದ್ದೀರಾ ಅಣ್ಣ" ಅಂತಾರೆ. ಮೈಕ್ ಹಿಡಿದರೆ ಮಾತಾಡುತ್ತಾರೋ ಇಲ್ಲವೋ. ಇದನ್ನು ಬರೀತೀನಿ ಅಂದಾಗ ನಮ್ಮಮ್ಮನೇ "ನಿನಗ್ಯಾಕೇ ಊರ ಉಸಾಬರಿ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಬರೆದರೆ ಒಂದು ತಿಂಗಳು ಅಂತ ಬರೀಬೇಡ, ಇವತ್ತಿಗೆ ಮೂವತ್ತಾರು ದಿನ" ಅಂದರು. ಮೊದಲನೇ ಕಾರ್ಯಕ್ರಮಕ್ಕೆ ನಮ್ಮಮ್ಮನನ್ನೇ ಕೇಳುತ್ತೇನೆ. ಸೇರುವವರು ಸೋಮವಾರ ಊಟದ ಬೆಲ್ ಆದ ಮೇಲೆ ಬೇವಿನ ಮರದ ಹತ್ತಿರ ಬನ್ನಿ.