ಚಲಿಸುವ ಮನೆಗೆ ಹೆಚ್ಚುವರಿ ಅಶ್ವಶಕ್ತಿ: ಲಾಭವೆಷ್ಟು, ಬೆಲೆ ಯಾರದು?

ಅಡುಗೆಮನೆ, ಮಲಗುವ ಕೋಣೆ, ಸ್ನಾನದ ಮನೆಗಳನ್ನೆಲ್ಲ ಹೊತ್ತು ಅಮೆರಿಕದ ಹೆದ್ದಾರಿಗಳಲ್ಲಿ ಸಾಗುವ ಮೋಟಾರ್‌ಹೋಮ್‌ಗಳ ಮಾಲೀಕರ ನಡುವೆ ಹಳೆಯ ಚರ್ಚೆಯೊಂದು ಮತ್ತೆ ಜೀವ ಪಡೆದಿದೆ. ಎಂಜಿನ್ನಿನ ನಿಯಂತ್ರಣ ತಂತ್ರಾಂಶವನ್ನು ಬದಲಿಸಿ ಶಕ್ತಿ ಹೆಚ್ಚಿಸುವ 'ಟ್ಯೂನರ್' ಎಂಬ ಸಾಧನವನ್ನು ಹೊರಗಿನ ಮಾರುಕಟ್ಟೆಯಿಂದ ಕೊಂಡು ಅಳವಡಿಸುವುದು ಲೇಸೇ ಎಂಬುದೇ ಆ ಚರ್ಚೆ.

ಇದಕ್ಕೆ ಕಾವು ತುಂಬಿದ್ದು 2025ರ ಎರಡು ಬೆಳವಣಿಗೆಗಳು. ಹೊಗೆ ಶುದ್ಧೀಕರಣಕ್ಕೆ ಬಳಸುವ ಯೂರಿಯಾ ದ್ರಾವಣದ ವ್ಯವಸ್ಥೆ ಕೆಟ್ಟೊಡನೆ ಡೀಸೆಲ್ ವಾಹನಗಳ ವೇಗ ದಿಢೀರನೆ ಕುಸಿಯದಂತೆ ತಂತ್ರಾಂಶ ಪರಿಷ್ಕರಿಸಲು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ (ಇಪಿಎ) ಆಗಸ್ಟ್‌ನಲ್ಲಿ ತಯಾರಕರಿಗೆ ಮಾರ್ಗಸೂಚಿ ನೀಡಿತು. ನವೆಂಬರ್‌ನಲ್ಲಿ, ಡೀಸೆಲ್ ವಾಹನಗಳ ಹೊಗೆ ನಿಯಂತ್ರಣ ವ್ಯವಸ್ಥೆಯನ್ನು ನಿಷ್ಕ್ರಿಯಗೊಳಿಸಿ ಶಿಕ್ಷೆಗೊಳಗಾಗಿದ್ದ ವಯೋಮಿಂಗ್ ರಾಜ್ಯದ ಮೆಕ್ಯಾನಿಕ್ ಒಬ್ಬರಿಗೆ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಕ್ಷಮಾದಾನ ನೀಡಿದರು. ಇನ್ನು ಕೇಳುವವರಿಲ್ಲ ಎಂಬ ಭಾವನೆ ಇದರಿಂದ ಮೂಡಿದರೆ ಆಶ್ಚರ್ಯವಿಲ್ಲ. ಆದರೆ ಈ ಎರಡೂ ಕ್ರಮಗಳು ಶುದ್ಧ ವಾಯು ಕಾಯ್ದೆಯನ್ನು ತಿದ್ದಿಲ್ಲ. ಭೌತಶಾಸ್ತ್ರದ ನಿಯಮಗಳನ್ನಂತೂ ಯಾವ ಕ್ಷಮಾದಾನವೂ ಸಡಿಲಿಸಲಾರದು.

ಟ್ಯೂನರ್ ಮಾಡುವುದೇನು? ಸಿಲಿಂಡರಿಗೆ ಎಷ್ಟು ಇಂಧನ, ಯಾವ ಕ್ಷಣದಲ್ಲಿ ಹೋಗಬೇಕು, ಟರ್ಬೊ ಎಷ್ಟು ಒತ್ತಡದಲ್ಲಿ ಗಾಳಿ ತುಂಬಬೇಕು, ಗೇರ್ ಯಾವ ವೇಗದಲ್ಲಿ ಬದಲಾಗಬೇಕು ಎಂಬ ಲೆಕ್ಕಗಳೆಲ್ಲ ಎಂಜಿನ್ ಮತ್ತು ಗೇರ್‌ಬಾಕ್ಸ್‌ಗಳ ಪುಟ್ಟ ಗಣಕಗಳಲ್ಲಿರುತ್ತವೆ. ಟ್ಯೂನರ್ ಆ ಲೆಕ್ಕಗಳನ್ನು ತಿದ್ದಿ ಬರೆಯುತ್ತದೆ. ಟರ್ಬೊ ಇರುವ ಡೀಸೆಲ್ ಎಂಜಿನ್‌ನಲ್ಲಿ ಗಾಳಿ, ಇಂಧನ ಎರಡನ್ನೂ ಹೆಚ್ಚಿಸಲು ಅವಕಾಶವಿರುವುದರಿಂದ ಲಾಭ ಎದ್ದು ಕಾಣುತ್ತದೆ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್‌ನಲ್ಲಿ ಗಾಳಿಯ ಪ್ರಮಾಣ ಹೆಚ್ಚಿಸಲು ದಾರಿಯಿಲ್ಲ. ಅಲ್ಲಿ ಸಿಗುವ ಲಾಭವೇನಿದ್ದರೂ ಬಹುಪಾಲು ಗೇರ್ ಬದಲಾವಣೆಯ ಸುಧಾರಣೆಯದು. ಕೊಲೊರಾಡೊದಲ್ಲಿ ಸುಮಾರು 3,400 ಮೀಟರ್ ಎತ್ತರದಲ್ಲಿರುವ ಐಸೆನ್‌ಹೋವರ್ ಸುರಂಗದ ಬಳಿ ಇಂಥ ಎಂಜಿನ್ ತನ್ನ ಶಕ್ತಿಯ ಮೂರನೆಯ ಒಂದು ಭಾಗದಷ್ಟನ್ನು ಕಳೆದುಕೊಳ್ಳುತ್ತದೆ. ಕಾರಣ ತೆಳುವಾದ ಗಾಳಿ. ಇಲ್ಲದ ಗಾಳಿಯನ್ನು ಯಾವ ತಂತ್ರಾಂಶವೂ ತಂದುಕೊಡಲಾರದು.

ಇನ್ನು ಭಾರದ ವಿಚಾರ. ಹತ್ತು ಟನ್ ತೂಗುವ ಮೋಟಾರ್‌ಹೋಮ್ ಶೇ. 6ರಷ್ಟು ಏರಿನಲ್ಲಿ ಗಂಟೆಗೆ 80 ಕಿ.ಮೀ. ವೇಗ ಕಾಯ್ದುಕೊಳ್ಳಬೇಕಾದರೆ ಗುರುತ್ವವನ್ನು ಮೀರುವುದಕ್ಕೇ ಸುಮಾರು 175 ಅಶ್ವಶಕ್ತಿ ಬೇಕು. ಗಾಳಿಯ ಪ್ರತಿರೋಧ, ಚಕ್ರಗಳ ಘರ್ಷಣೆಯ ಲೆಕ್ಕ ಬೇರೆಯೇ. ಕಾರಿನ ಚಾಲಕ ಪೂರ್ಣ ಶಕ್ತಿ ಬಳಸುವುದು ಮುಂದಿನ ವಾಹನವನ್ನು ಹಿಂದಿಕ್ಕುವ ಕೆಲವೇ ಕ್ಷಣ. ಮೋಟಾರ್‌ಹೋಮ್ ಹಾಗಲ್ಲ, ಬೆಟ್ಟದ ತುದಿ ಮುಟ್ಟುವವರೆಗೂ ಎಂಜಿನ್ ಪೂರ್ಣ ಹೊರೆಯಲ್ಲೇ ದುಡಿಯಬೇಕು. ಹೆಚ್ಚು ಇಂಧನ ಉರಿದಷ್ಟೂ ಹೆಚ್ಚು ಶಾಖ. ಆ ಶಾಖ ರೇಡಿಯೇಟರ್, ಟರ್ಬೊ, ಗೇರ್‌ಬಾಕ್ಸ್ ತೈಲದ ಪಾಲಾಗುತ್ತದೆ. ಇವೆಲ್ಲದರ ಗಾತ್ರ ನಿರ್ಧಾರವಾಗಿದ್ದು ಮೂಲ ಶಕ್ತಿಯ ಲೆಕ್ಕದಲ್ಲಿ.

'ಇದೇ ಎಂಜಿನ್ ಬೇರೆ ವಾಹನದಲ್ಲಿ ಹೆಚ್ಚು ಶಕ್ತಿ ಕೊಡುತ್ತದಲ್ಲ' ಎಂಬುದು ಟ್ಯೂನರ್ ಪರ ವಾದಿಸುವವರ ಮುಖ್ಯ ಅಸ್ತ್ರ. ಮಾತು ಸುಳ್ಳಲ್ಲ. ಒಂದೇ ಎಂಜಿನ್ನನ್ನು ತಯಾರಕರು ಹಲವು ಶಕ್ತಿಮಟ್ಟಗಳಲ್ಲಿ ಮಾರುತ್ತಾರೆ. ಆದರೆ ಆ ವ್ಯತ್ಯಾಸ ಜಿಪುಣತನದಿಂದ ಬಂದದ್ದಲ್ಲ. ವಾಹನದ ಕೆಲಸ, ತಂಪುಗೊಳಿಸುವ ವ್ಯವಸ್ಥೆ, ಜೋಡಿಸಿದ ಗೇರ್‌ಬಾಕ್ಸ್‌ನ ತಾಳಿಕೆ ಇವನ್ನೆಲ್ಲ ತೂಗಿ ಉಳಿಸಿಟ್ಟ ಮೀಸಲು ಅದು. ಟ್ಯೂನರ್ ಕೊಡುವುದು ಹೊಸ ಶಕ್ತಿಯನ್ನಲ್ಲ, ಈ ಮೀಸಲನ್ನೇ ಮುಂಗಡವಾಗಿ ಖರ್ಚು ಮಾಡಿಸುತ್ತದೆ.

ಪ್ರತಿಫಲವಾದರೂ ಎಷ್ಟು? ಹತ್ತು ಕಿ.ಮೀ. ಉದ್ದದ ಏರನ್ನು ಗಂಟೆಗೆ 65 ಕಿ.ಮೀ. ಬದಲು 75ರಲ್ಲಿ ಹತ್ತಿದರೆ ಉಳಿಯುವುದು ಒಂದು ನಿಮಿಷಕ್ಕಿಂತ ತುಸು ಹೆಚ್ಚು. ಅದರ ಆಸೆಗೆ ಗೇರ್‌ಬಾಕ್ಸ್ ಕಳೆದುಕೊಂಡರೆ ಮೂಗಿಗಿಂತ ಮೂಗುತಿ ಭಾರ ಎಂಬಂತಾಗುತ್ತದೆ. ಏರನ್ನು ಹತ್ತಿದ ವಾಹನ ಇಳಿಯಲೂ ಬೇಕು. ಹೆಚ್ಚಿದ ಅಶ್ವಶಕ್ತಿ ಬ್ರೇಕಿನ ನೆರವಿಗೆ ಬರುವುದಿಲ್ಲ.

ಹಾಗೆಂದು ಎಲ್ಲ ಟ್ಯೂನರ್‌ಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಹೊಗೆ ನಿಯಂತ್ರಣಕ್ಕೆ ಧಕ್ಕೆಯಿಲ್ಲವೆಂದು ಪರೀಕ್ಷೆಯಲ್ಲಿ ಸಾಬೀತಾದ ಸಾಧನಗಳಿಗೆ ಕ್ಯಾಲಿಫೋರ್ನಿಯಾದ ವಾಯು ಸಂಪನ್ಮೂಲ ಮಂಡಳಿ ಅನುಮತಿ ಆದೇಶ ನೀಡುತ್ತದೆ. ಏರಿನಲ್ಲಿ ಗೇರ್ ಪದೇಪದೇ ಬದಲಾಗುವ ಕಿರಿಕಿರಿಯನ್ನು ತಪ್ಪಿಸಲು ಪೆಟ್ರೋಲ್ ವಾಹನದ ಮಾಲೀಕನೊಬ್ಬ ಇಂಥ ಅನುಮತಿಯುಳ್ಳ, ಮಿತವಾದ ಬದಲಾವಣೆ ಮಾಡಿಸಿಕೊಂಡರೆ ಆಕ್ಷೇಪಕ್ಕೆ ಹೆಚ್ಚು ಎಡೆಯಿಲ್ಲ. ಹೊರಗಿನ ಬಿಡಿಭಾಗ ಬಳಸಿದ ಮಾತ್ರಕ್ಕೆ ವಾರಂಟಿ ರದ್ದಾಗದಂತೆ 1975ರ ಮ್ಯಾಗ್ನುಸನ್-ಮಾಸ್ ಕಾಯ್ದೆ ಅಮೆರಿಕದ ಗ್ರಾಹಕನಿಗೆ ರಕ್ಷಣೆ ನೀಡಿದೆ. ಆದರೆ ಹಾನಿಗೆ ಆ ಸಾಧನವೇ ಕಾರಣವೆಂದು ತಯಾರಕರು ತೋರಿಸಿದರೆ ದುರಸ್ತಿಯ ವೆಚ್ಚ ಮಾಲೀಕನದೇ.

ನಿಜವಾದ ಅಪಾಯ ಇರುವುದು ಹೊಗೆ ಸೋಸುವ ಫಿಲ್ಟರ್, ಯೂರಿಯಾ ವ್ಯವಸ್ಥೆಗಳನ್ನೇ ಕಿತ್ತೊಗೆಯಲು ನೆರವಾಗುವ ಟ್ಯೂನರ್‌ಗಳಲ್ಲಿ. ಇಪಿಎ 2020ರ ನವೆಂಬರ್‌ನಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, ಅದಕ್ಕೆ ಹಿಂದಿನ ಸುಮಾರು ಹತ್ತು ವರ್ಷಗಳಲ್ಲಿ 5.5 ಲಕ್ಷಕ್ಕೂ ಹೆಚ್ಚು ಡೀಸೆಲ್ ಪಿಕಪ್ ಟ್ರಕ್‌ಗಳ ಹೊಗೆ ನಿಯಂತ್ರಣವನ್ನು ತೆಗೆದುಹಾಕಲಾಗಿತ್ತು. ಅವುಗಳಿಂದ ಗಾಳಿಗೆ ಸೇರುವ ಹೆಚ್ಚುವರಿ ನೈಟ್ರೋಜನ್ ಆಕ್ಸೈಡ್‌ಗಳ ಪ್ರಮಾಣ 5.7 ಲಕ್ಷ ಟನ್‌ಗೂ ಅಧಿಕ. ಅಂದರೆ ನಿಯಮಬದ್ಧವಾದ 90 ಲಕ್ಷ ಟ್ರಕ್‌ಗಳನ್ನು ಹೊಸದಾಗಿ ರಸ್ತೆಗಿಳಿಸಿದಷ್ಟು. ಏರು ಹತ್ತಿದ ಸಂತೋಷ ಒಬ್ಬನದು, ಕೆಮ್ಮು ರಸ್ತೆ ಬದಿಯ ಊರಿನದು.

ದೊಡ್ಡ ಕಂಪನಿಗಳೂ ಈ ವಿಚಾರದಲ್ಲಿ ಸಾಚಾ ಅಲ್ಲ ಎಂಬ ಮಾಲೀಕರ ಸಿಟ್ಟಿನಲ್ಲಿ ಹುರುಳಿದೆ. ಫೋಕ್ಸ್‌ವ್ಯಾಗನ್ ಹಗರಣ 2015ರಲ್ಲಿ ಬಯಲಾಯಿತು. ರ್‍ಯಾಮ್ ಪಿಕಪ್‌ಗಳ ಎಂಜಿನ್ ತಂತ್ರಾಂಶದ ಪ್ರಕರಣದಲ್ಲಿ ಕಮಿನ್ಸ್ ಸಂಸ್ಥೆ 167.5 ಕೋಟಿ ಡಾಲರ್ ದಂಡ ತೆರಲು 2023ರ ಡಿಸೆಂಬರ್‌ನಲ್ಲಿ ಒಪ್ಪಿತು. ಯೂರಿಯಾ ವ್ಯವಸ್ಥೆಯ ದೋಷದಿಂದ ನಡುರಸ್ತೆಯಲ್ಲಿ ನಿಂತವರ ಸಂಕಟವೂ ಸುಳ್ಳಲ್ಲ. ಆದರೆ ಆ ಸಂಕಟಕ್ಕೆ ಪರಿಹಾರ ವ್ಯವಸ್ಥೆಯನ್ನು ಸರಿಪಡಿಸುವುದೇ ಹೊರತು ಕಿತ್ತೊಗೆಯುವುದಲ್ಲ. ಆಗಸ್ಟ್‌ನ ಮಾರ್ಗಸೂಚಿ ತೋರಿದ್ದೂ ದುರಸ್ತಿಗೆ ಕಾಲಾವಕಾಶ ಕೊಡುವ ದಾರಿಯನ್ನೇ.

ಕ್ಯಾರವಾನ್ ಪ್ರವಾಸ ಈಗಷ್ಟೇ ಕುಡಿಯೊಡೆಯುತ್ತಿರುವ, ಕಾರುಗಳ 'ರೀಮ್ಯಾಪ್' ಗೀಳು ಬೆಂಗಳೂರಿನಂಥ ನಗರಗಳಲ್ಲಿ ಕಾಣಿಸಿಕೊಂಡಿರುವ ನಮ್ಮಲ್ಲೂ ಈ ಚರ್ಚೆ ಅಪ್ರಸ್ತುತವಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡನ್ನು ನಿರ್ಬಂಧಿಸುತ್ತದೆ; ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದೆ ವಾಹನ ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಪ್ರತಿ ಮಾರ್ಪಾಡಿಗೆ 5 ಸಾವಿರ ರೂ. ದಂಡ, ಅಥವಾ ಎರಡನ್ನೂ ವಿಧಿಸಬಹುದು.

ಕಾನೂನು ಜಾರಿ ಮಾಡುವವರ ಹಿಡಿತ ಸಡಿಲವಾದಾಗ ಅಪಾಯ ಕರಗಿಹೋಗುವುದಿಲ್ಲ, ಅದನ್ನು ಹೊರುವ ಹೆಗಲು ಮಾತ್ರ ಬದಲಾಗುತ್ತದೆ. ಮೋಟಾರ್‌ಹೋಮ್‌ನ ಮಟ್ಟಿಗೆ ಆ ಹೆಗಲು ಮಾಲೀಕನದು ಮತ್ತು ಅವನ ಹಿಂದೆ ಉಸಿರಾಡುವವರದು. ಏರಿನಲ್ಲಿ ಗೇರ್ ಇಳಿಸಿ, ಬಲಬದಿಯ ನಿಧಾನ ಪಥ ಹಿಡಿದು, ರೇಡಿಯೇಟರ್ ಮತ್ತು ಗೇರ್‌ಬಾಕ್ಸ್ ತೈಲವನ್ನು ಸುಸ್ಥಿತಿಯಲ್ಲಿಟ್ಟುಕೊಂಡು, ಹೊರೆ ಕಡಿಮೆ ಮಾಡಿ ಸಾಗುವುದಕ್ಕೆ ಯಾವ ಸಾಧನವೂ ಬೇಕಿಲ್ಲ. ಮನೆಯನ್ನೇ ಜೊತೆಗೆ ಕೊಂಡೊಯ್ಯುವವನಿಗೆ ಆ ಒಂದು ನಿಮಿಷದ ಆತುರವಾದರೂ ಏಕೆ?