ಕಾರಿನೊಳಗೆ ಮೌನ, ಕಾರ್ಡ್ ರಸ್ತೆಯಲ್ಲಿ ಗದ್ದಲ

ಪಶ್ಚಿಮ ಬೆಂಗಳೂರಿನ ಶಬ್ದವನ್ನು ಅಳೆಯಲು ಶಿವನಗರದ ನಿಸರ್ಗ ಭವನದಲ್ಲಿ ಒಂದು, ಮೈಸೂರು ರಸ್ತೆಯ ಆರ್.ವಿ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಇನ್ನೊಂದು ಮಾಪನ ಕೇಂದ್ರವಿದೆ. 2011ರಲ್ಲಿ ಆರಂಭವಾದ ರಾಷ್ಟ್ರೀಯ ಶಬ್ದ ಮಾಪನ ಜಾಲಕ್ಕೆ ಸೇರಿದ ಕೇಂದ್ರಗಳಿವು. ಮೊದಲನೆಯದು ವಸತಿ ಪ್ರದೇಶದ ಲೆಕ್ಕಕ್ಕೆ ಸೇರಿದರೆ ಎರಡನೆಯದು ನಿಶ್ಶಬ್ದ ವಲಯದ ಲೆಕ್ಕಕ್ಕೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮೀರುವಂತಿಲ್ಲ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ ನಿಶ್ಶಬ್ದ ವಲಯದಲ್ಲಿ ಮಿತಿ ಇನ್ನೂ ಬಿಗಿ: 50 ಮತ್ತು 40.

ಇದೇ ರಸ್ತೆಗಳಲ್ಲಿ ಓಡುವ ದುಬಾರಿ ಕಾರುಗಳಲ್ಲಿ ಕೆಲವು ಈಗ ಸದ್ದನ್ನು ಸದ್ದಿನಿಂದಲೇ ಅಳಿಸುವ ಯಂತ್ರವನ್ನು ಹೊತ್ತು ಬರುತ್ತಿವೆ. ಒಳಗೆ ಕುಳಿತವರಿಗೆ ಎಂಜಿನ್ನಿನ ಗುಂಯ್‌ಗುಡುವಿಕೆ ತಗ್ಗುತ್ತದೆ. ನಿಸರ್ಗ ಭವನದ ಮಾಪಕದಲ್ಲಿ ಮಾತ್ರ ಒಂದು ಡೆಸಿಬೆಲ್ ಕೂಡ ಇಳಿಯುವುದಿಲ್ಲ.

ತತ್ವ ಹಳೆಯದು. ಶಬ್ದವೆಂದರೆ ಗಾಳಿಯ ಒತ್ತಡದ ಏರಿಳಿತ. ಏರಿಗೆ ಸರಿಯಾಗಿ ಇಳಿತವನ್ನೂ ಇಳಿತಕ್ಕೆ ಸರಿಯಾಗಿ ಏರನ್ನೂ ಸ್ಪೀಕರಿನಿಂದ ಹೊರಡಿಸಿದರೆ ಎರಡೂ ಪರಸ್ಪರ ಅಳಿದುಹೋಗುತ್ತವೆ. ಜರ್ಮನಿಯ ಪಾಲ್ ಲ್ಯೂಗ್ ಈ ಉಪಾಯಕ್ಕೆ 1936ರಲ್ಲಿಯೇ ಅಮೆರಿಕದ ಪೇಟೆಂಟ್ ಪಡೆದಿದ್ದರು. ಆದರೆ ಅಷ್ಟು ಚುರುಕಾಗಿ ಲೆಕ್ಕ ಹಾಕಬಲ್ಲ ಯಂತ್ರ ಆಗ ಇರಲಿಲ್ಲ. ಡಿಜಿಟಲ್ ಚಿಪ್‌ಗಳು ಬಂದ ಮೇಲೆ, 1990ರ ದಶಕದ ಆರಂಭದಲ್ಲಿ ಜಪಾನಿನ ನಿಸ್ಸಾನ್ ಬ್ಲೂಬರ್ಡ್ ಕಾರಿನಲ್ಲಿ ಅದು ಕಾಣಿಸಿಕೊಂಡಿತು. 2019ರಲ್ಲಿ ಹ್ಯುಂಡೈ ಕಂಪನಿ ಟೈರಿನ ಸದ್ದನ್ನೂ ತಗ್ಗಿಸುವ ವ್ಯವಸ್ಥೆಯನ್ನು ಪ್ರಕಟಿಸಿತು. ಅದು ಹೇಳಿಕೊಂಡ ಇಳಿಕೆ 3 ಡೆಸಿಬೆಲ್. ಶಕ್ತಿಯ ಲೆಕ್ಕದಲ್ಲಿ ಇದು ಅರ್ಧಕ್ಕರ್ಧ. ಕಿವಿಯ ಲೆಕ್ಕದಲ್ಲಿ ಅಲ್ಪ.

ಹಾಗಾದರೆ ನವರಂಗ್ ವೃತ್ತದಲ್ಲಿ ದೊಡ್ಡ ಸ್ಪೀಕರುಗಳನ್ನು ನಿಲ್ಲಿಸಿ ಇಡೀ ರಸ್ತೆಯ ಗದ್ದಲವನ್ನೇ ಅಳಿಸಬಾರದೇಕೆ? ಭೌತಶಾಸ್ತ್ರ ಒಪ್ಪುವುದಿಲ್ಲ. ಸದ್ದು ಅಳಿಯುವ ಜಾಗದ ಅಗಲ, ಆ ಸದ್ದಿನ ತರಂಗದ ಉದ್ದದ ಸುಮಾರು ಹತ್ತನೆಯ ಒಂದು ಭಾಗ ಮಾತ್ರ. ಸೆಕೆಂಡಿಗೆ 100 ಬಾರಿ ಕಂಪಿಸುವ ಎಂಜಿನ್ ಸದ್ದಿನ ತರಂಗ ಸುಮಾರು 3.4 ಮೀಟರ್, ಅಲ್ಲಿ ಒಂದು ತಲೆ ಹಿಡಿಸುವಷ್ಟು ಮೌನ ಸಿಗುತ್ತದೆ. ಹಾರ್ನಿನ ಚುಚ್ಚುವ ಸದ್ದು 2000 ಕಂಪನದ್ದಾದರೆ ಮೌನದ ಅಗಲ ಎರಡು ಸೆಂಟಿಮೀಟರೂ ಇಲ್ಲ. ಒಂದು ಕಡೆ ಅಳಿದದ್ದು ಮಗ್ಗುಲಲ್ಲೇ ಹೆಚ್ಚಾಗಿ ಕೇಳಿಸುವುದೂ ಉಂಟು. ಸದ್ದು ಒಂದೇ ದಿಕ್ಕಿನಲ್ಲಿ ಸಾಗುವ ಕೊಳವೆಯಲ್ಲಾದರೆ ಕೆಲಸ ಸುಲಭ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎಂ.ಎಲ್. ಮುಂಜಾಲ್ 1988ರಲ್ಲಿಯೇ ಸಹಲೇಖಕರೊಡನೆ ಇಂತಹ ಕೊಳವೆಗಳ ಗಣಿತ ಮಾದರಿಯನ್ನು ಪ್ರಕಟಿಸಿದ್ದರು. ಹಿಂದಿನ ವರ್ಷ ಬಂದ ಅವರ ಹೆಸರಾಂತ ಗ್ರಂಥದ ವಿಷಯವೂ ಕೊಳವೆ ಮತ್ತು ಸೈಲೆನ್ಸರುಗಳೇ. ಎಂದರೆ, ಸದ್ದು ಹೊರಬೀಳುವ ಮುನ್ನವೇ ಅದನ್ನು ಹಿಡಿಯುವುದು.

ಈ ತಂತ್ರಜ್ಞಾನ ನಿಜಕ್ಕೂ ಒಪ್ಪುವ ಒಂದು ಜಾಗ ಇದೇ ರಸ್ತೆಗಳಲ್ಲಿದೆ: ಮುಂಭಾಗದಲ್ಲಿ ಎಂಜಿನ್ ಇರುವ ಹಳೆಯ ಬಸ್ಸಿನ ಚಾಲಕನ ಆಸನ. ಆರು ಸಿಲಿಂಡರಿನ ಡೀಸೆಲ್ ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗಿದರೆ ಹುಟ್ಟುವುದು 100 ಕಂಪನದ ಸದ್ದು. ತಲೆಯ ಜಾಗ ನಿಗದಿ, ಸದ್ದಿನ ಲಯವೂ ನಿಗದಿ. ಆಸನದ ತಲೆದಿಂಬಿನಲ್ಲಿ ಎರಡು ಸ್ಪೀಕರ್ ಇಟ್ಟರೆ ಗಾಜು ತೆರೆದ ಬಸ್ಸಿನಲ್ಲೂ ಪ್ರಯೋಜನ ಕಂಡೀತು. ಕೆಂಗೇರಿಯಿಂದ ಹೊರಟು ದಿನವಿಡೀ ಎಂಜಿನ್ನಿನ ಪಕ್ಕದಲ್ಲಿ ಕೂರುವವರ ಒಳಗಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಆದರೂ ಯಂತ್ರ ಹೋದದ್ದು, ಗಾಜು ಏರಿಸಿ ಮೊದಲೇ ಅರ್ಧ ಮೌನ ಪಡೆದಿದ್ದವರ ಬಳಿಗೆ. ಹಾವನೂರು ವೃತ್ತದ ಅಂಗಡಿಯವರಿಗೂ ಸಂಚಾರ ಪೊಲೀಸರಿಗೂ ಏರಿಸಲು ಗಾಜೇ ಇಲ್ಲ.

ಬೀದಿಯ ಸದ್ದು ಮೂಲದಲ್ಲೇ ಇಳಿಯಬೇಕು. ಅದು ಆಗದ ಮಾತೇನಲ್ಲ. 2005ರ ಜನವರಿ 1ರಿಂದ ತಯಾರಾದ 1000 ಕೆವಿಎವರೆಗಿನ ಡೀಸೆಲ್ ಜನರೇಟರುಗಳ ಸದ್ದು, ಹೊದಿಕೆಯಿಂದ ಒಂದು ಮೀಟರ್ ದೂರದಲ್ಲಿ 75 ಡೆಸಿಬೆಲ್ ಮೀರಬಾರದೆಂಬ ನಿಯಮ ಬಂತು. ತಯಾರಕರು ಜನರೇಟರನ್ನು ಹೊದಿಕೆಯೊಳಗಿಟ್ಟು ಮಾರಬೇಕಾಯಿತು. ವಾಹನಗಳ ವಿಷಯದಲ್ಲಿ ಕಾನೂನಿದೆ, ಕೈ ಸಾಲದು. ಅನಗತ್ಯ ಹಾರ್ನ್ ಹಾಕಿದವರಿಗೆ 2019ರ ತಿದ್ದುಪಡಿಯಂತೆ ಮೋಟಾರು ವಾಹನ ಕಾಯ್ದೆಯ 194ಎಫ್ ಕಲಮು ಮೊದಲ ಬಾರಿಗೆ 1000 ರೂ., ಮತ್ತೆ ಮಾಡಿದರೆ 2000 ರೂ. ದಂಡ ಹೇಳುತ್ತದೆ. ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯ ಮುಂದೆ ಒಂದು ಸಂಜೆ ನಿಂತರೆ ಆ ಕಲಮಿನ ಪ್ರಭಾವ ಎಷ್ಟೆಂದು ತಿಳಿಯುತ್ತದೆ.

2021ರ ಕೊನೆಯಿಂದ ಬಿಎಂಟಿಸಿ ರಸ್ತೆಗಿಳಿಸುತ್ತಿರುವ ವಿದ್ಯುತ್ ಬಸ್ಸುಗಳು ಈ ವಿಷಯದಲ್ಲಿ ದೊಡ್ಡ ಆಸರೆ. ವೇಗ ಹೆಚ್ಚಿದಂತೆ ಟೈರಿನ ಸದ್ದೇ ಮೇಲಾಗುತ್ತದೆ; ಆದರೆ ಮಾಗಡಿ ರಸ್ತೆಯ ಸಂಜೆಯ ವೇಗದಲ್ಲಿ ಕೇಳುವುದು ಎಂಜಿನ್ ಮತ್ತು ಹಾರ್ನ್ ಮಾತ್ರ. ಬಳಕೆಯಲ್ಲಿ ಉಳಿದ ಡೀಸೆಲ್ ಬಸ್ಸುಗಳಿಗೆ ಮತ್ತು ಇನ್ನು ಮುಂದೆ ಕೊಳ್ಳುವ ಅಥವಾ ಗುತ್ತಿಗೆಗೆ ಪಡೆಯುವ ಬಸ್ಸುಗಳಿಗೆ, ಚಾಲಕನ ಕಿವಿಯ ಮಟ್ಟದಲ್ಲಿ ಅಳೆದ ಸದ್ದಿನ ಮಿತಿಯೊಂದನ್ನು ನಿಗಮ ತನ್ನ ಟೆಂಡರಿನಲ್ಲಿ ಸೇರಿಸಬಹುದು. ಅದಕ್ಕೆ ಹೊಸ ಕಾನೂನಿನ ಅಗತ್ಯವಿಲ್ಲ. ಆ ಮಿತಿಯನ್ನು ಹೊದಿಕೆಯಿಂದ ಮುಟ್ಟಬೇಕೋ ಸ್ಪೀಕರಿನಿಂದಲೋ ಎಂಬುದನ್ನು ತಯಾರಕರೇ ನೋಡಿಕೊಳ್ಳಲಿ.