ಕನ್ನಡ ನೆಟ್ ಪರೀಕ್ಷೆಯ ಸಿದ್ಧತೆ: ಆನ್‌ಲೈನ್ ಅಭ್ಯಾಸ ಪರೀಕ್ಷೆಗಳ ಉಪಯೋಗ ಮತ್ತು ಮಿತಿ

1

ಕನ್ನಡ ಸಾಹಿತ್ಯದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ಸಂಶೋಧನೆಗೆ ಬರಬೇಕೆಂದಿರುವ ವಿದ್ಯಾರ್ಥಿಗೆ ನೆಟ್ ಪರೀಕ್ಷೆ ಈಗ ಅಧ್ಯಾಪಕ ವೃತ್ತಿಯ ಅರ್ಹತಾ ಪರೀಕ್ಷೆ ಮಾತ್ರವಾಗಿ ಉಳಿದಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗವು 2024ರ ಮಾರ್ಚ್‌ನಲ್ಲಿ ಹೊರಡಿಸಿದ ಪ್ರಕಟಣೆಯ ಪ್ರಕಾರ, 2024-25ನೆಯ ಶೈಕ್ಷಣಿಕ ವರ್ಷದಿಂದ ವಿಶ್ವವಿದ್ಯಾಲಯಗಳು ತಮ್ಮ ಪ್ರತ್ಯೇಕ ಪ್ರವೇಶ ಪರೀಕ್ಷೆಗಳ ಬದಲಿಗೆ ನೆಟ್ ಅಂಕಗಳನ್ನೇ ಪಿಎಚ್.ಡಿ. ಪ್ರವೇಶಕ್ಕೆ ಬಳಸಿಕೊಳ್ಳಬಹುದು. ಕಿರಿಯ ಸಂಶೋಧನಾ ಫೆಲೋಶಿಪ್‌ಗೆ ಅರ್ಹರಾದವರಿಗೆ ಸಂದರ್ಶನದ ಆಧಾರದ ಮೇಲೆ ಪ್ರವೇಶ ದೊರೆಯುತ್ತದೆ. ಉಳಿದ ಎರಡು ವರ್ಗದವರ ಆಯ್ಕೆಯಲ್ಲಿ ಪರೀಕ್ಷೆಯ ಅಂಕಕ್ಕೆ ಶೇ. 70ರಷ್ಟು, ಸಂದರ್ಶನಕ್ಕೆ ಶೇ. 30ರಷ್ಟು ಪಾಲು ನಿಗದಿಯಾಗಿದೆ. ಹೀಗಾಗಿ ಕನ್ನಡ ಸಂಶೋಧನೆಯ ಅಂಗಳಕ್ಕೆ ಯಾರು ಬರುತ್ತಾರೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವ ಶಕ್ತಿ ಈ ಪರೀಕ್ಷೆಗೆ ಬಂದಿದೆ.

ಪರೀಕ್ಷೆಯ ಮಹತ್ವ ಹೆಚ್ಚಿದಂತೆ ಅದಕ್ಕೆ ಸಿದ್ಧವಾಗುವ ಕ್ರಮವೂ ಬದಲಾಗಿದೆ. ಗ್ರಂಥಾಲಯದಲ್ಲಿ ಕುಳಿತು ಟಿಪ್ಪಣಿ ಮಾಡಿಕೊಳ್ಳುತ್ತಿದ್ದ ವಿದ್ಯಾರ್ಥಿ ಇಂದು ಮೊಬೈಲ್ ಪರದೆಯ ಮೇಲೆ ಅಭ್ಯಾಸ ಪರೀಕ್ಷೆಗಳನ್ನು ಬರೆಯುತ್ತಾನೆ. ಇವು ಬೇಕೇ ಬೇಡವೇ ಎಂಬ ಚರ್ಚೆಗೆ ಈಗ ಅರ್ಥವಿಲ್ಲ. ಅವು ಬಂದಾಗಿದೆ, ಬಳಕೆಯಲ್ಲಿವೆ. ಅವುಗಳಲ್ಲಿ ಯಾವುದು ಉಪಯುಕ್ತ, ಯಾವುದು ಹಾನಿಕರ, ಈ ವಿಷಯದಲ್ಲಿ ಕನ್ನಡ ವಿಭಾಗಗಳ ಹೊಣೆ ಏನು ಎಂಬುದನ್ನು ಮಾತ್ರ ಇಲ್ಲಿ ಪರಿಶೀಲಿಸಲಾಗಿದೆ. ಉತ್ತರದೊಂದಿಗೆ ಅದರ ಆಧಾರವನ್ನೂ ಹೇಳುವ ಅಭ್ಯಾಸ ಪರೀಕ್ಷೆ ಮಾತ್ರ ಸಾಹಿತ್ಯದ ವಿದ್ಯಾರ್ಥಿಗೆ ಪ್ರಯೋಜನಕಾರಿ. ಅಂಥದನ್ನು ಸಿದ್ಧಪಡಿಸುವ ಕೆಲಸವನ್ನು ವಿಭಾಗಗಳೇ ಕೈಗೆತ್ತಿಕೊಳ್ಳಬೇಕು ಎಂಬುದು ಈ ಲೇಖನದ ನಿಲುವು.

2

ನೆಟ್ ಪರೀಕ್ಷೆಯ ಸ್ವರೂಪ ಎಂದೂ ಒಂದೇ ತೆರನಾಗಿರಲಿಲ್ಲ. ಅಧ್ಯಾಪಕ ಅರ್ಹತೆಗಾಗಿ ಇದು 1989ರ ಡಿಸೆಂಬರ್‌ನಲ್ಲಿ ಆರಂಭವಾಯಿತು. 2012ಕ್ಕೆ ಮೊದಲು ಇದರ ಮೂರನೆಯ ಪತ್ರಿಕೆ ವಿವರಣಾತ್ಮಕವಾಗಿತ್ತು. ಅಭ್ಯರ್ಥಿಯು ವಿಷಯವನ್ನು ಕ್ರಮಬದ್ಧವಾಗಿ ಮಂಡಿಸಿ ಬರೆಯಬೇಕಾಗಿತ್ತು. 2012ರ ಜೂನ್‌ನಿಂದ ಆ ಪತ್ರಿಕೆಯೂ ಬಹುಆಯ್ಕೆಯ ರೂಪಕ್ಕೆ ಬಂದಿತು. 2018ರ ಜುಲೈ ಪರೀಕ್ಷೆಯಿಂದ ಪತ್ರಿಕೆಗಳ ಸಂಖ್ಯೆ ಎರಡಕ್ಕೆ ಇಳಿಯಿತು. ಅದೇ ವರ್ಷದ ಡಿಸೆಂಬರ್‌ನಿಂದ ರಾಷ್ಟ್ರೀಯ ಪರೀಕ್ಷಾ ಸಂಸ್ಥೆಯು (ಎನ್‌ಟಿಎ) ಇದನ್ನು ಗಣಕಯಂತ್ರದ ಮೂಲಕ ನಡೆಸತೊಡಗಿತು. ಮೊದಲ ಪತ್ರಿಕೆಯಲ್ಲಿ 50, ಎರಡನೆಯದರಲ್ಲಿ 100, ಒಟ್ಟು 150 ಪ್ರಶ್ನೆಗಳು, 300 ಅಂಕಗಳು, ಮೂರು ಗಂಟೆಗಳ ಅವಧಿ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಲೆಕ್ಕ ಹಾಕಿದರೆ ಪ್ರಶ್ನೆಯೊಂದಕ್ಕೆ ದೊರೆಯುವುದು 72 ಸೆಕೆಂಡು.

ಈ ಬದಲಾವಣೆಯ ಒಂದು ಪರಿಣಾಮವನ್ನು ನಾವು ಸಾಕಷ್ಟು ಗಮನಿಸಿದಂತಿಲ್ಲ. ಕನ್ನಡ ಸಾಹಿತ್ಯದ ಸಂಶೋಧನೆಗೆ ಪ್ರವೇಶ ಬಯಸುವವನು ಈ ಪರೀಕ್ಷೆಯಲ್ಲಿ ಕನ್ನಡದಲ್ಲಿ ಒಂದು ವಾಕ್ಯವನ್ನೂ ಬರೆಯಬೇಕಾಗಿಲ್ಲ. ಪರೀಕ್ಷೆ ಬರವಣಿಗೆಯನ್ನು ಕೇಳದಿದ್ದಾಗ ಸಿದ್ಧತೆಯೂ ಅದನ್ನು ಕೈಬಿಡುತ್ತದೆ. ಪ್ರೌಢಪ್ರಬಂಧ ರಚನೆಯ ಹಂತದಲ್ಲಿ ವಿದ್ಯಾರ್ಥಿ ಎದುರಿಸುವ ತೊಡಕುಗಳಲ್ಲಿ ಕೆಲವಾದರೂ ಇಲ್ಲಿಂದಲೇ ಮೊದಲಾಗುತ್ತವೆ ಎಂಬುದು ನನ್ನ ಅಭಿಪ್ರಾಯ.

3

ಹಾಗೆಂದು ಅಭ್ಯಾಸ ಪರೀಕ್ಷೆಗಳನ್ನು ಸಾರಾಸಗಟಾಗಿ ತಿರಸ್ಕರಿಸುವುದು ಸರಿಯಲ್ಲ. ಓದಿದ್ದನ್ನು ಮತ್ತೆ ಮತ್ತೆ ಓದುವುದಕ್ಕಿಂತ ಅದನ್ನು ನೆನಪಿನಿಂದ ಹೊರತರಲು ಯತ್ನಿಸುವುದು ಕಲಿಕೆಯನ್ನು ಹೆಚ್ಚು ಕಾಲ ಉಳಿಸುತ್ತದೆ ಎಂಬುದಕ್ಕೆ ಮನಶ್ಶಾಸ್ತ್ರದಲ್ಲಿ ಗಟ್ಟಿಯಾದ ಆಧಾರಗಳಿವೆ. ಅಮೆರಿಕದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಅಧ್ಯಯನವು ಪ್ರಸಿದ್ಧವಾದುದು. ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗವನ್ನು ಓದಿಸಿ, ಕೆಲವರಿಗೆ ಅದನ್ನೇ ಮತ್ತೆ ಓದಲು, ಕೆಲವರಿಗೆ ನೆನಪಿದ್ದಷ್ಟನ್ನು ಬರೆಯಲು ಹೇಳಲಾಯಿತು. ಐದು ನಿಮಿಷಗಳ ಅನಂತರ ಪರೀಕ್ಷಿಸಿದಾಗ ಮರುಓದು ಮಾಡಿದವರು ಮುಂದಿದ್ದರು. ಎರಡು ದಿನಗಳ ಮತ್ತು ಒಂದು ವಾರದ ಅನಂತರ ಪರೀಕ್ಷಿಸಿದಾಗ ನೆನಪಿನಿಂದ ಬರೆದವರೇ ಮುಂದಿದ್ದರು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಆ ವಿದ್ಯಾರ್ಥಿಗಳು ಬರೆದದ್ದು ನೆನಪಿನಿಂದ. ಅವರ ಮುಂದೆ ನಾಲ್ಕು ಆಯ್ಕೆಗಳಿರಲಿಲ್ಲ. ಬಹುಆಯ್ಕೆಯ ಪ್ರಶ್ನೆಗಳ ವಿಷಯದಲ್ಲಿ ರೋಡಿಗರ್ ಅವರೇ ಎಲಿಜಬೆತ್ ಮಾರ್ಶ್ ಅವರೊಂದಿಗೆ 2005ರಲ್ಲಿ ಇನ್ನೊಂದು ಸಂಗತಿಯನ್ನು ತೋರಿಸಿದ್ದರು. ಇಂಥ ಪ್ರಶ್ನೆಗಳು ನೆನಪನ್ನು ಬಲಪಡಿಸುತ್ತವೆಯಾದರೂ, ಓದುಗನು ಆರಿಸಿಕೊಂಡ ತಪ್ಪು ಆಯ್ಕೆ ಮುಂದೆ ಸರಿಯಾದ ತಿಳಿವಳಿಕೆಯಂತೆ ಮನಸ್ಸಿನಲ್ಲಿ ನೆಲೆಸುವ ಅಪಾಯವೂ ಇದೆ. ಸರಿಯುತ್ತರವನ್ನು ತಿಳಿಸಿದರೆ ಈ ಅಪಾಯ ಕಡಿಮೆಯಾಗುತ್ತದೆ ಎಂದು ಆಂಡ್ರ್ಯೂ ಬಟ್ಲರ್ ಮತ್ತು ರೋಡಿಗರ್ 2008ರಲ್ಲಿ ತೋರಿಸಿದರು. ಆದ್ದರಿಂದ ಅಭ್ಯಾಸ ಪರೀಕ್ಷೆಯ ಬೆಲೆ ಅದು ಎಷ್ಟು ಪ್ರಶ್ನೆಗಳನ್ನು ಕೇಳುತ್ತದೆ ಎಂಬುದಕ್ಕಿಂತ, ಕೇಳಿದ ಮೇಲೆ ಏನನ್ನು ತಿಳಿಸುತ್ತದೆ ಎಂಬುದನ್ನು ಹೆಚ್ಚಾಗಿ ಅವಲಂಬಿಸಿದೆ. ತಿಳಿಸುವ ಉತ್ತರವೇ ತಪ್ಪಾಗಿದ್ದರೆ ಅಥವಾ ಅರ್ಧಸತ್ಯವಾಗಿದ್ದರೆ ಗತಿಯೇನು? ಕನ್ನಡದ ಸಂದರ್ಭದಲ್ಲಿ ಈ ಪ್ರಶ್ನೆ ತುಂಬ ಮುಖ್ಯವಾಗುತ್ತದೆ.

4

ಕನ್ನಡ ವಿಷಯದ ಅಭ್ಯಾಸ ಪರೀಕ್ಷೆಗಳಿಗೆ ಮೂರು ಬಗೆಯ ತೊಡಕುಗಳಿವೆ.

ಮೊದಲನೆಯದು ಜ್ಞಾನದ ಸ್ವರೂಪಕ್ಕೆ ಸಂಬಂಧಿಸಿದ್ದು. 'ಕವಿರಾಜಮಾರ್ಗದ ಕರ್ತೃ ಯಾರು?' ಎಂಬ ಪ್ರಶ್ನೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 1898ರಲ್ಲಿ ಈ ಕೃತಿಯನ್ನು ಪ್ರಕಟಿಸಿದ ಕೆ.ಬಿ. ಪಾಠಕರು ಅದನ್ನು ನೃಪತುಂಗನದೆಂದು ಗುರುತಿಸಿದ್ದರು. ಮುಂದಿನ ವಿದ್ವಾಂಸರು 'ನೃಪತುಂಗದೇವಾನುಮತ' ಎಂಬ ಮಾತಿನ ಅರ್ಥವನ್ನು ಜಿಜ್ಞಾಸೆಗೆ ಒಳಪಡಿಸಿ, ಅರಸನ ಅನುಮತಿ ಅಥವಾ ಅಭಿಮತದಂತೆ ಶ್ರೀವಿಜಯನು ರಚಿಸಿದ ಕೃತಿ ಇದೆಂದು ವಾದಿಸಿದರು. ಎಂ.ವಿ. ಸೀತಾರಾಮಯ್ಯನವರು ಅದನ್ನು ಶ್ರೀವಿಜಯಕೃತವೆಂದೇ ಸಂಪಾದಿಸಿದರು. ಇಂದು ಶ್ರೀವಿಜಯನ ಪಕ್ಷಕ್ಕೆ ಹೆಚ್ಚು ಮನ್ನಣೆಯಿದೆ. ನೃಪತುಂಗ, ಶ್ರೀವಿಜಯ ಎರಡೂ ಹೆಸರುಗಳನ್ನು ಆಯ್ಕೆಗಳಲ್ಲಿಟ್ಟು, ಒಂದಕ್ಕೆ ಹಸಿರು ಗುರುತನ್ನೂ ಇನ್ನೊಂದಕ್ಕೆ ಕೆಂಪು ಗುರುತನ್ನೂ ಹಾಕಿ ಮುಂದಿನ ಪ್ರಶ್ನೆಗೆ ಸಾಗುವ ಪರೀಕ್ಷೆಯಿಂದ ವಿದ್ಯಾರ್ಥಿ ಒಂದು ಹೆಸರನ್ನು ಕಲಿಯುತ್ತಾನೆ. ನೂರು ವರ್ಷಗಳಿಗೂ ಮಿಕ್ಕಿದ ವಿದ್ವತ್ ಚರ್ಚೆ ಅವನ ಕಣ್ಣಿಗೆ ಬೀಳುವುದೇ ಇಲ್ಲ.

'ವಡ್ಡಾರಾಧನೆ'ಯ ವಿಷಯವೂ ಹೀಗೆಯೇ. ಡಿ.ಎಲ್. ನರಸಿಂಹಾಚಾರ್ಯರ 1949ರ ಸಂಪಾದನೆ ಶಿವಕೋಟ್ಯಾಚಾರ್ಯನ ಹೆಸರನ್ನು ಪ್ರಚುರಪಡಿಸಿತು. ಹಂಪ ನಾಗರಾಜಯ್ಯನವರು ಕೃತಿಯ ಹೆಸರು 'ಆರಾಧನಾ ಕರ್ಣಾಟ ಟೀಕೆ', ಕರ್ತೃ ಭ್ರಾಜಿಷ್ಣು ಎಂದು ಪ್ರತಿಪಾದಿಸಿದರು. ಹಲ್ಮಿಡಿ ಶಾಸನದಲ್ಲಿ ತೇದಿಯಿಲ್ಲ. ಅದರ ಕಾಲ ಕ್ರಿ.ಶ. ಸುಮಾರು 450 ಎಂಬುದು ವಿದ್ವಾಂಸರ ಊಹೆ. ತಾಳಗುಂದದ ಸಿಂಹಕಟಾಂಜನ ಶಾಸನವು ಕ್ರಿ.ಶ. 370ರದೆಂಬ ಅಭಿಪ್ರಾಯ ಬಂದ ಮೇಲೆ 'ಕನ್ನಡದ ಮೊದಲ ಶಾಸನ ಯಾವುದು?' ಎಂಬ ಸರಳ ಪ್ರಶ್ನೆಯೂ ಸರಳವಾಗಿ ಉಳಿದಿಲ್ಲ. ಸಂಶೋಧನೆ ಹುಟ್ಟುವುದೇ ಇಂಥ ಸಂದೇಹಗಳಲ್ಲಿ. ಸಂದೇಹವನ್ನು ಒರೆಸಿಹಾಕುವ ಸಿದ್ಧತೆಯ ಮೂಲಕ ಸಂಶೋಧಕನನ್ನು ಆರಿಸಲು ಹೊರಟಿರುವುದು ಒಂದು ವಿಪರ್ಯಾಸ.

ಪರೀಕ್ಷೆಗೆ ಒಂದೇ ಉತ್ತರ ಬೇಕು, ವಾದವಿವಾದಗಳಿಂದ ಅಂಕ ಬರುವುದಿಲ್ಲ ಎಂದು ಇದಕ್ಕೆ ಆಕ್ಷೇಪವನ್ನೆತ್ತಬಹುದು. ಈ ಮಾತಿನಲ್ಲಿ ಹುರುಳಿದೆಯಾದರೂ ಅದು ಪೂರ್ಣಸತ್ಯವಲ್ಲ. ಎನ್‌ಟಿಎ ತನ್ನ ತಾತ್ಕಾಲಿಕ ಕೀಲಿ ಉತ್ತರಗಳನ್ನು ಪ್ರಕಟಿಸಿ, ಅವನ್ನು ಆಧಾರಸಹಿತವಾಗಿ ಪ್ರಶ್ನಿಸಲು ಅಭ್ಯರ್ಥಿಗಳಿಗೆ ಅವಕಾಶ ಕೊಡುತ್ತದೆ. ಇತ್ತೀಚಿನ ಪರೀಕ್ಷೆಗಳಲ್ಲಿ ಇದಕ್ಕೆ ಪ್ರಶ್ನೆಯೊಂದಕ್ಕೆ 200 ರೂಪಾಯಿ ಶುಲ್ಕ ನಿಗದಿಯಾಗಿದೆ. ಅಂದರೆ ಪರೀಕ್ಷೆ ನಡೆಸುವ ಸಂಸ್ಥೆಯೇ ತನ್ನ ಉತ್ತರ ಪ್ರಶ್ನಾತೀತವಲ್ಲವೆಂದು ಒಪ್ಪಿದೆ. ಆಧಾರಗ್ರಂಥದ ಅರಿವಿಲ್ಲದ ವಿದ್ಯಾರ್ಥಿ ಈ ಅವಕಾಶವನ್ನು ಬಳಸಿಕೊಳ್ಳಲಾರ. ಹೇಳಿಕೆ ಮತ್ತು ಸಮರ್ಥನೆಗಳ ಸಂಬಂಧವನ್ನು ಕೇಳುವ ಪ್ರಶ್ನೆಗಳಲ್ಲಿಯೂ ಬರಿಯ ಹೆಸರು, ಇಸವಿಗಳ ನೆನಪು ಸಾಲದು.

ಎರಡನೆಯ ತೊಡಕು ಲಿಪಿಗೆ ಸಂಬಂಧಿಸಿದ್ದು. ಹಳಗನ್ನಡದಲ್ಲಿ 'ಬಾಳ್' ಎಂದರೆ ಕತ್ತಿ, 'ಬಾೞ್' ಎಂದರೆ ಬದುಕು. ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ಇಂಥ ಳಕಾರಗಳ ಭೇದವನ್ನು ವಿವರವಾಗಿ ಚರ್ಚಿಸಿರುವುದು ಸುಮ್ಮನೆ ಅಲ್ಲ. ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚಾದ ಪಠ್ಯವನ್ನು ಯುನಿಕೋಡ್‌ಗೆ ಪರಿವರ್ತಿಸುವಾಗ ಒತ್ತಕ್ಷರಗಳು ಸ್ಥಾನ ತಪ್ಪುವುದುಂಟು. ಱ, ೞ ಅಕ್ಷರಗಳ ಜಾಗದಲ್ಲಿ ರ, ಳಗಳು ಬಂದು ಕೂರುವುದೂ ಉಂಟು. ಕರಡು ತಿದ್ದದೆ ಪರದೆಗೆ ಏರಿದ ಪ್ರಶ್ನೆಯಲ್ಲಿ ಕತ್ತಿ ಯಾವುದು, ಬದುಕು ಯಾವುದು ಎಂದು ಗುರುತಿಸುವ ಬಗೆ ಹೇಗೆ? ಛಂದಸ್ಸು ಮತ್ತು ವ್ಯಾಕರಣದ ಪ್ರಶ್ನೆಗಳಲ್ಲಿ ಒಂದು ಅಕ್ಷರದ ವ್ಯತ್ಯಾಸವೂ ಉತ್ತರವನ್ನೇ ಬದಲಿಸಬಲ್ಲದು.

ಮೂರನೆಯದು ಮೊದಲ ಪತ್ರಿಕೆಯ ಭಾಷೆ. ಬೋಧನೆ ಮತ್ತು ಸಂಶೋಧನಾ ಅಭಿಕ್ಷಮತೆಯ ಈ ಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಗಳಲ್ಲಿ ಮಾತ್ರ ಇರುತ್ತದೆ. ಒಟ್ಟು ಅಂಕಗಳಲ್ಲಿ ಮೂರನೆಯ ಒಂದು ಭಾಗ ಇದರದು. ಪ್ರಾಥಮಿಕ ಶಾಲೆಯಿಂದ ಎಂ.ಎ.ವರೆಗೆ ಕನ್ನಡ ಮಾಧ್ಯಮದಲ್ಲಿಯೇ ಓದಿದ ಗ್ರಾಮೀಣ ವಿದ್ಯಾರ್ಥಿ ಇಲ್ಲಿ ವಿಷಯದ ಜೊತೆಗೆ ಭಾಷೆಯೊಂದಿಗೂ ಸೆಣಸಬೇಕು. ಈ ಪತ್ರಿಕೆ ಎಲ್ಲ ವಿಷಯದವರಿಗೂ ಸಮಾನವಾದ್ದರಿಂದ ಇದರ ಅಭ್ಯಾಸ ಪರೀಕ್ಷೆಗಳಿಗೆ ದೊಡ್ಡ ಮಾರುಕಟ್ಟೆಯಿದೆ, ಸಾಮಗ್ರಿಯೂ ಹೇರಳವಾಗಿದೆ. ಆದರೆ ತರ್ಕದೋಷ, ಪ್ರಾಕ್ಕಲ್ಪನೆ, ಮಾದರಿ ಆಯ್ಕೆ ಮುಂತಾದ ಪರಿಕಲ್ಪನೆಗಳನ್ನು ಕನ್ನಡದಲ್ಲಿ ವಿವರಿಸಿ, ಇಂಗ್ಲಿಷಿನ ಪ್ರಶ್ನೆಯನ್ನು ಅರ್ಥಮಾಡಿಸುವ ಸಾಮಗ್ರಿ ನಮ್ಮ ವಿದ್ಯಾರ್ಥಿಗೆ ಬೇಕಾಗಿದೆ.

5

ಇಂಥ ಸ್ಥಿತಿಯಲ್ಲಿ ವಿದ್ಯಾರ್ಥಿಗಳು ಅನುಸರಿಸಬಹುದಾದ ಕೆಲವು ಕ್ರಮಗಳಿವೆ. ಹಿಂದಿನ ವರ್ಷಗಳ ಅಧಿಕೃತ ಪ್ರಶ್ನೆಪತ್ರಿಕೆಗಳು ಮತ್ತು ಅಂತಿಮ ಕೀಲಿ ಉತ್ತರಗಳು ಎಲ್ಲಕ್ಕಿಂತ ಮೊದಲು ಕೈಗೆತ್ತಿಕೊಳ್ಳಬೇಕಾದ ಸಾಮಗ್ರಿ. ಪ್ರಶ್ನೆಯನ್ನು ಓದಿದೊಡನೆ ಆಯ್ಕೆಗಳನ್ನು ಮರೆಮಾಡಿ, ಉತ್ತರವನ್ನು ಮೊದಲು ಕಾಗದದ ಮೇಲೆ ಬರೆದುಕೊಂಡರೆ ನೆನಪಿನಿಂದ ಹೊರತರುವ ನಿಜವಾದ ಅಭ್ಯಾಸ ದೊರೆಯುತ್ತದೆ. ತಪ್ಪಾದ ಉತ್ತರಗಳನ್ನು ಓದಿಲ್ಲದ್ದು, ಓದಿ ಮರೆತದ್ದು, ಪ್ರಶ್ನೆಯನ್ನು ತಪ್ಪಾಗಿ ಗ್ರಹಿಸಿದ್ದು, ವಿದ್ವಾಂಸರಲ್ಲಿಯೇ ಭಿನ್ನಾಭಿಪ್ರಾಯವಿರುವುದು ಎಂದು ನಾಲ್ಕಾಗಿ ವಿಂಗಡಿಸಿಕೊಳ್ಳುವುದು ಉಪಯುಕ್ತ. ಮೊದಲನೆಯದಕ್ಕೆ ಮೂಲಕೃತಿಯ ಓದು ಬೇಕು. ಅದಕ್ಕೆ ಇನ್ನೂ ಹತ್ತು ಪರೀಕ್ಷೆಗಳನ್ನು ಬರೆಯುವುದು ಪರಿಹಾರವಲ್ಲ. ಕೊನೆಯದಕ್ಕೆ ಆರ್. ನರಸಿಂಹಾಚಾರ್ಯರ 'ಕರ್ಣಾಟಕ ಕವಿಚರಿತೆ', ರಂ.ಶ್ರೀ. ಮುಗಳಿಯವರ 'ಕನ್ನಡ ಸಾಹಿತ್ಯ ಚರಿತ್ರೆ'ಗಳಂಥ ಗ್ರಂಥಗಳನ್ನೂ ಅನಂತರದ ಸಂಶೋಧನೆಗಳನ್ನೂ ಹೋಲಿಸಿ ನೋಡಬೇಕು. ಪೂರ್ಣಾವಧಿಯ ಪರೀಕ್ಷೆಗಳನ್ನು ಕಾಲದ ಹಿಡಿತಕ್ಕಾಗಿ ಕೊನೆಯ ವಾರಗಳಿಗೆ ಮೀಸಲಿಟ್ಟರೆ ಸಾಕು.

ಪರದೆಯ ರೂಢಿಯನ್ನೇ ಸಿದ್ಧತೆಯೆಂದು ತಿಳಿಯುವುದೂ ಅಪಾಯಕರ. 2024ರ ಜೂನ್ 18ರಂದು ನೆಟ್ ಪರೀಕ್ಷೆ ಮತ್ತೆ ಒಎಂಆರ್ ಹಾಳೆಯ ಮೇಲೆ ನಡೆಯಿತು, ಮರುದಿನವೇ ರದ್ದಾಯಿತು, ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಪುನಃ ಗಣಕಯಂತ್ರದಲ್ಲಿ ನಡೆಯಿತು. ಪರೀಕ್ಷೆಯ ರೂಪ ಹೀಗೆ ಬದಲಾಗುತ್ತಿರುವಾಗ ವಿಷಯದ ತಿಳಿವಳಿಕೆಯೊಂದೇ ಅಭ್ಯರ್ಥಿಯ ನೆಚ್ಚಿಕೆ.

6

ಆದರೆ ಎಲ್ಲ ಹೊಣೆಯನ್ನೂ ವಿದ್ಯಾರ್ಥಿಯ ಮೇಲೆ ಹೊರಿಸುವುದು ನ್ಯಾಯವಲ್ಲ. ಉತ್ತಮ ಗ್ರಂಥಾಲಯ, ಹಿರಿಯ ಸಂಶೋಧಕರ ಒಡನಾಟ ಇರುವ ವಿಶ್ವವಿದ್ಯಾಲಯದ ಆವರಣದಲ್ಲಿರುವವನು ತಪ್ಪು ಉತ್ತರವನ್ನು ಸಂಜೆಯೊಳಗೆ ತಿದ್ದಿಕೊಂಡಾನು. ತಾಲ್ಲೂಕು ಕೇಂದ್ರದಲ್ಲಿ ಖಾಸಗಿ ಉದ್ಯೋಗ ಮಾಡಿಕೊಂಡು ರಾತ್ರಿ ಓದುವವಳಿಗೆ ಮೊಬೈಲಿನಲ್ಲಿ ಸಿಗುವ ಉತ್ತರವೇ ಕೊನೆಯ ಮಾತು. ಆಧಾರವಿಲ್ಲದ ಅಭ್ಯಾಸ ಪರೀಕ್ಷೆಗಳು ಹೆಚ್ಚು ಹಾನಿಮಾಡುವುದು ಇಂಥವರಿಗೇ.

ಮೈಸೂರಿನ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ, ಧಾರವಾಡದ ಡಾ. ಆರ್.ಸಿ. ಹಿರೇಮಠ ಕನ್ನಡ ಅಧ್ಯಯನ ಪೀಠ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹಾಗೂ ನಾಡಿನ ಇತರ ಕನ್ನಡ ವಿಭಾಗಗಳು ಸೇರಿ ಒಂದು ಮುಕ್ತ ಪ್ರಶ್ನಕೋಶವನ್ನು ರೂಪಿಸಬಹುದು. ಅದರ ಪ್ರತಿ ಉತ್ತರದ ಕೆಳಗೆ ಮೂರು ನಾಲ್ಕು ವಾಕ್ಯಗಳ ವಿವರಣೆ, ಆಧಾರಗ್ರಂಥದ ಹೆಸರು, ಭಿನ್ನಾಭಿಪ್ರಾಯವಿದ್ದಲ್ಲಿ ಅದರ ಸ್ಪಷ್ಟ ಸೂಚನೆ ಇರಬೇಕು. ಹಳಗನ್ನಡದ ಅಕ್ಷರಗಳು ಶುದ್ಧವಾಗಿರಬೇಕು. ಓದುಗರು ಆಧಾರ ಕೊಟ್ಟು ಉತ್ತರವನ್ನು ಶುಲ್ಕವಿಲ್ಲದೆ ಪ್ರಶ್ನಿಸುವಂತಿರಬೇಕು. ವಾರಕ್ಕೊಮ್ಮೆಯಾದರೂ ಒಂದು ಪುಟ ಬರೆಯಲು ಪ್ರಚೋದಿಸುವ ವಿವರಣಾತ್ಮಕ ಪ್ರಶ್ನೆಯೊಂದು ಅದರಲ್ಲಿ ಸೇರಬೇಕು; ಪರೀಕ್ಷೆ ಕೈಬಿಟ್ಟ ಬರವಣಿಗೆಯನ್ನು ವಿಭಾಗಗಳು ಕೈಬಿಡಬಾರದು.

ಅಧ್ಯಾಪಕರ ಕೊರತೆ ಮತ್ತು ಕೆಲಸದ ಹೊರೆ ನಿಜವಾದ ಅಡ್ಡಿಗಳೇ. ಆದರೆ ಈ ಕೆಲಸದ ದೊಡ್ಡ ಭಾಗವನ್ನು ಸಂಶೋಧನಾ ವಿದ್ಯಾರ್ಥಿಗಳು ಮಾಡಬಲ್ಲರು. 'ಶಬ್ದಮಣಿದರ್ಪಣ'ದ ಬಗೆಗೆ ಇಪ್ಪತ್ತು ಪ್ರಶ್ನೆಗಳನ್ನು ಆಧಾರಸಹಿತವಾಗಿ ಸಿದ್ಧಪಡಿಸಲು ಬೇಕಾಗುವ ಓದು, ಕೋರ್ಸ್‌ವರ್ಕ್‌ನ ಒಂದು ಸಂಪ್ರಬಂಧಕ್ಕೆ ಬೇಕಾಗುವ ಓದಿಗಿಂತ ಕಡಿಮೆಯೇನಲ್ಲ. ಅದನ್ನು ಕೋರ್ಸ್‌ವರ್ಕ್‌ನ ಭಾಗವಾಗಿ ಪರಿಗಣಿಸಲು ವಿಭಾಗಗಳು ಮುಂದಾದರೆ ಎರಡು ಮೂರು ವರ್ಷಗಳಲ್ಲಿ ಸಾವಿರಾರು ಪ್ರಶ್ನೆಗಳು ಕೂಡಿಬರುತ್ತವೆ. ನೆಟ್ ಪರೀಕ್ಷೆಯ ಸ್ವರೂಪವನ್ನು ಬದಲಿಸುವುದು ನಮ್ಮ ವಿಭಾಗಗಳ ಕೈಯಲ್ಲಿಲ್ಲ. ಅದಕ್ಕೆ ನಮ್ಮ ವಿದ್ಯಾರ್ಥಿಗಳು ಯಾವ ಸಾಮಗ್ರಿಯನ್ನು ನಂಬಿ ಸಿದ್ಧರಾಗಬೇಕೆಂಬುದನ್ನು ನಿರ್ಧರಿಸುವುದು ನಮ್ಮ ಕೈಯಲ್ಲಿದೆ. ಮುಂದಿನ ಕೋರ್ಸ್‌ವರ್ಕ್ ತಂಡದಿಂದಲೇ, ಒಂದು ವಿಭಾಗವಾದರೂ, ಒಂದು ಪಠ್ಯವನ್ನಾದರೂ ಆರಿಸಿಕೊಂಡು ಈ ಕೆಲಸವನ್ನು ಆರಂಭಿಸುವುದು ಅಗತ್ಯ.